ಬೀಗವಿಲ್ಲದ ಬೀದಿ

ಊರು ಅಳಿದ ಮುನ್ನೂರ ಹನ್ನೆರಡನೇ ವರ್ಷ, ಮಂಗಳವಾರ

ನಿನ್ನೆ ಮತ್ತೆ ಅದೇ ಕೆಟ್ಟ ಕನಸು. ಬೀದಿಯ ಬಾಗಿಲಿಗೆಲ್ಲ ಬೀಗ, ಕೀಲಿಗೊಂಚಲು ನನ್ನ ಸೊಂಟದಲ್ಲೇ! ಬೆಳಿಗ್ಗೆ ಎದ್ದವನೇ ಗಸ್ತು ಹೊರಟೆ. ಹಳೇ ಊರಿದ್ದ ಈ ಬೀದಿಗೆ ಹೊಸದಾಗಿ ಬಂದ ದರ್ಜಿಯಮ್ಮ ಬಾಗಿಲಿಗೆ ಬೀಗ ಜಡಿಯುತ್ತಿದ್ದಳು.

“ಇಲ್ಲಿ ಬೀಗ ಹಾಕೋ ಹಾಗಿಲ್ಲ ತಾಯಿ, ಅಳಿದುಹೋದ ಊರಿನ ಹಳೇ ಕಾನೂನು,” ಎಂದೆ.

“ಕಾನೂನು ಮಾಡಿದೋರೆಲ್ಲ ಮಣ್ಣಾದ್ರಲ್ಲ ಅಜ್ಜ! ಕಳ್ಳ ಬಂದ್ರೆ ನನ್ನ ಹೊಲಿಗೆ ಮಿಷನ್ ಯಾರು ಕಾಯ್ತಾರೆ?”

“ನಾನು. ನಂಗೆ ಸಾವೂ ಇಲ್ಲ, ಬೇರೆ ಕೆಲಸಾನೂ ಇಲ್ಲ.”

ನಕ್ಕುಬಿಟ್ಟಳು. ಬೀಗ ತೆಗೆದು ನನ್ನ ಕೈಗೇ ಕೊಟ್ಟಳು. ಇಷ್ಟು ವರ್ಷ ಬಂದವರ ಬೀಗವನ್ನೆಲ್ಲ ಹೆದರಿಸಿ ತೆಗೆಸಿದ್ದೆ. ನಂಬಿ ತೆಗೆದವಳು ಇವಳೊಬ್ಬಳೇ. ನಾಲ್ಕಕ್ಷರ ಕಲಿಯುವಷ್ಟರಲ್ಲಿ ಶಾಲೆ ಬಿಟ್ಟವನು ನಾನು. ಆದರೂ ಭಯವೇ ಇಲ್ಲದಿದ್ದ ಆ ಅಳಿದ ಊರು ಇವತ್ತೂ ಉಸಿರಾಡುತ್ತಿರುವುದು ನನ್ನಿಂದ. ಎಷ್ಟು ಹೆಮ್ಮೆ...

ಅಯ್ಯೋ, ಆ ಕನಸಿಗೆ ಹೆದರಿ ಇವತ್ತು ನನ್ನ ಬಾಗಿಲಿಗೇ ಚಿಲಕ ಹಾಕಿ ಬರೆಯಲು ಕೂತೆನೋ ಏನೋ. ಎದ್ದು ಒಮ್ಮೆ ನೋಡು, ಮುದುಕಪ್ಪಾ.