ಮರಕ್ಕೆ ಕಟ್ಟಿದ ಬಳ್ಳಿ

ನೆರಿಯ,
11-8-2026, ಆಟಿ ಅಮಾವಾಸ್ಯೆಯ ಮುನ್ನಾದಿನ

ನನ್ನ ಮುದ್ದು ಸಾತ್ವಿಕಾ,

ಈ ಕಾಗದ ಮೂಡುಬಿದಿರೆ ತಲುಪುವಾಗ ಶುಕ್ರವಾರ ಆದೀತು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ಎದುರು ಮಾತಾಡುತ್ತೀ. ಶನಿವಾರ ಸ್ವಾತಂತ್ರ್ಯೋತ್ಸವ, ಮರುದಿನ ಆದಿತ್ಯವಾರ. ಆಸ್ಪತ್ರೆಯಲ್ಲಿ ರಜೆ ಕೇಳಿ ಬಾ. ರಜೆ ಬಂತೆಂದರೆ ಉಜಿರೆಯಲ್ಲಿ ಕಾರುಗಳ ಸಾಲು, ಬೇಗ ಹೊರಡು. ಪತ್ರೊಡೆಗೆ ಕೆಸುವಿನೆಲೆ ಹಿತ್ತಿಲಲ್ಲಿ ಬೇಕಾದಷ್ಟಿದೆ. ಮಾಡಿಕೊಡಲು ಪಕ್ಕದ ಮನೆಯ ವಿನೋದಾಳಿಗೆ ಹೇಳಿದ್ದೇನೆ.

ಅಪ್ಪ ಚೆನ್ನಾಗಿದ್ದಾರೆ. ಸನ್ನಡತೆಯೆಂದು ರಾಜ್ಯಪಾಲರು ಉಳಿದ ಶಿಕ್ಷೆ ಮನ್ನಾ ಮಾಡಿ, ಗಣರಾಜ್ಯೋತ್ಸವಕ್ಕೆ ಬಿಟ್ಟರಲ್ಲ, ಊರವರೂ ಈಗ ಅದನ್ನೇ ಹೇಳುತ್ತಾರೆ. ಜೈಲಿನಲ್ಲಿ ಸನ್ನಡತೆ ಏನು ಕಷ್ಟ? ಅಲ್ಲಿ ಕಡಿಯಲು ನನ್ನ ಅಣ್ಣ ಇರಲಿಲ್ಲ. ಅಂಗಳದಲ್ಲಿ ಶಂಭು ಮಾವನನ್ನು ಕಡಿದದ್ದನ್ನು ಕಂಡವಳು ನೀನೊಬ್ಬಳೇ, ಆ ಸಣ್ಣ ಪ್ರಾಯದಲ್ಲಿ ಕೋರ್ಟಿನಲ್ಲಿ ಹೇಳಿದವಳೂ ನೀನೇ. ಅದನ್ನು ಅವರು ಮರೆತಿಲ್ಲ. ನಿನ್ನ ಹಾಸ್ಟೆಲ್ ಎಲ್ಲಿ, ಕೆಲಸ ಬಿಡುವುದು ಯಾವಾಗ ಎಂದು ಊಟಕ್ಕೆ ಕುಳಿತಾಗಲೆಲ್ಲ ಕೇಳುತ್ತಾರೆ. ಮೊನ್ನೆ ಕತ್ತಿ ಮಸೆಯುತ್ತ ಮೆಲ್ಲಗೆ ಹೇಳಿದರು: "ಆಟಿ ತಿಂಗಳಲ್ಲಿ ಯಾವ ಕೆಲಸವೂ ಶುರು ಮಾಡ್ಬಾರ್ದು. ಸೋಣ ತಿಂಗಳು ಬರಲಿ. ಕೋರ್ಟಿನಲ್ಲಿ ಮಾತಾಡಿದ ಆ ನಾಲಗೆಯನ್ನು ಒಮ್ಮೆ ನೋಡ್ಲಿಕ್ಕುಂಟು."

ಠಾಣೆಗೆ ಹೋದೆ. ಏನೂ ಮಾಡದವರನ್ನು ಹಿಡಿಯಲಿಕ್ಕಾಗುವುದಿಲ್ಲ ಎಂದರು. ಸೋಣ ಮುಂದಿನ ವಾರವೇ. ನನಗೆ ಹೆದರಿಕೆಯಾಗುತ್ತದೆ ಮಗಾ.

ಅದಿರಲಿ. ಅಮಾವಾಸ್ಯೆಯ ದಿನ ಬರಿಹೊಟ್ಟೆಗೆ ಕುಡಿಯುವ ಕಷಾಯಕ್ಕೆ ಹಾಲೆ ಮರದ ತೊಗಟೆ ತರುವುದು ಮನೆಯ ಗಂಡಸಿನ ಕೆಲಸವೆಂದು, ನಾಳೆ ಬೆಳಗಾಗುವ ಮೊದಲು ಅವರೇ ಹೋಗುತ್ತಾರಂತೆ. ಹಿಂದೆ ತರುತ್ತಿದ್ದವರು ಶಂಭು ಮಾವ. ಮೆಲ್ಕಾರ್ ಪೇಟೆಯಲ್ಲಿ ಬೆಳೆದ ಅಪ್ಪನಿಗೆ ಮರದ ಗುರುತಿಲ್ಲ. ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ತಂದು ಕುಡಿದವರು ಮಧ್ಯಾಹ್ನದ ಊಟಕ್ಕೆ ಇರುವುದಿಲ್ಲ. ಅದಕ್ಕೇ ಗುರುತಿಗೆಂದು ಇವತ್ತು ನಾನೇ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಬಂದೆ. ಅವರಿಗೆ ನನ್ನ ಮೇಲೂ ನಂಬಿಕೆ ಸಾಲದು. ಮೊದಲ ಲೋಟ ನಾನೇ ಕುಡಿಯಬೇಕಂತೆ. ಕುಡಿಯುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಾಗಿಲಿಗೆ ಚಿಲಕ ಹಾಕಿ ಮಲಗುವ ಅಭ್ಯಾಸವನ್ನು ಇನ್ನು ಬಿಡಬಹುದು.

ನಿನ್ನನ್ನು ಹೆತ್ತವಳು,
ರಾಜೀವಿ

ಮರೆತ ಮಾತು: ಈ ಕಾಗದಕ್ಕಿಂತ ಮೊದಲೇ ನಿನಗೆ ಸುದ್ದಿ ಬಂದಿರುತ್ತದೆ. ಕತ್ತಲಲ್ಲಿ ಮರ ತಪ್ಪಿತು ಎಂದು ಎಲ್ಲರೂ ಹೇಳುತ್ತಾರೆ. ನೀನೂ ಹಾಗೆಯೇ ಹೇಳು. ಹಾಲೆ ಯಾವುದು, ಕಾಸರಕ ಯಾವುದು ಎಂದು ನಾನು ಸಣ್ಣವಳಿರುವಾಗಲೇ ಶಂಭು ಅಣ್ಣ ಕಲಿಸಿಕೊಟ್ಟಿದ್ದರು. ಅಪ್ಪನಿಗೆ ಸರಕಾರ ಮಾಫಿ ಕೊಟ್ಟಿತು. ನನಗೆ ನೀನೊಬ್ಬಳು ಕೊಟ್ಟರೆ ಸಾಕು.