ಮೆಕ್‌ಲಾರೆನ್ ಸೀಟು

ಭಾನುವಾರ, 9 ನವೆಂಬರ್ 2025

ಹೊಟ್ಟೆಯುರಿ ಇನ್ನೂ ಆರಿಲ್ಲ. ಬೆಳಿಗ್ಗೆ ಮದ್ದೂರಿನ ಹೋಟೆಲ್ ಮುಂದೆ ಬೆಂಗಳೂರಿನವರ ಎರಡು ಕಾರು ನಿಂತಿದ್ದವು. ಒಂದು ಪೋರ್ಷೆ, ಒಂದು ಮೆಕ್‌ಲಾರೆನ್. ಎರಡೂ ರೇಸ್ ಟ್ರ್ಯಾಕಿಗೆಂದೇ ಹಗುರ ಮಾಡಿದವು. ಪೋರ್ಷೆಗಿಂತ ಮೆಕ್‌ಲಾರೆನ್ ನೂರು ಕಿಲೋ ಕಮ್ಮಿ, ಸೀಟಿನಲ್ಲೂ ಒಂದು ಗ್ರಾಂ ದಂಡವಿಲ್ಲ ಎಂದು ನಾನು ವಾದಿಸಿದ್ದು ಕೇಳಿ ಅದರ ಮಾಲೀಕ ಖುಷಿಯಾಗಿ, "ಬನ್ನಿ, ಒಂದು ರೌಂಡ್ ಹೋಗೋಣ" ಎಂದ.

ಆ ಸೀಟಿಗೆ ನನ್ನ ಸೊಂಟ ಇಳಿಯಲಿಲ್ಲ.

ನನ್ನ ಬದಲು ಗೆಳೆಯ ಚಲುವರಾಜು ಕೂತು ಹೋದ. ಎರಡು ಕಾರಿಗೂ ಏನು ವ್ಯತ್ಯಾಸವೆಂದೇ ಅವನಿಗೆ ಗೊತ್ತಿಲ್ಲ. ಗೆಜ್ಜಲಗೆರೆವರೆಗೆ ಹೋಗಿ ಬಂದು, "ಬೆನ್ನು ನೋಯ್ತದೆ ಕಣ್ಲಾ, ನಮ್ ಫ್ಯಾಕ್ಟ್ರಿ ಬಸ್ಸೇ ವಾಸಿ" ಅಂದ.

ಬೆನ್ನು ನೋಯುವ ಭಾಗ್ಯವೂ ಆ ನನ್ಮಗನಿಗೇ!

ರಾತ್ರಿ ಅರ್ಧ ಮುದ್ದೆ ಸಾಕೆಂದೆ. ಅವ್ವ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.