ಐಕಾನಿನ ಹಿಂದಿನ ಹೆಸರು

ಚನ್ನಗಿರಿ
೧೨ ಜೂನ್ ೨೦೨೫, ಗುರುವಾರ

ಪ್ರೀತಿಯ ತಂಗಿ ಸಂಧ್ಯಾ,

ಇದನ್ನು ಹೇಳದೇ ಬಿಡೋಣವೆಂದಿದ್ದೆ. ಮನೆಯವರ ಮೇಲೆ ಅನುಮಾನಪಡುವುದು ನನಗೆ ಒಗ್ಗದ ಕೆಲಸ. ಅದಿರಲಿ, ನಿನ್ನ ಮಂಡಿನೋವು ಹೇಗಿದೆ? ಜಗಳೂರಿನ ಬಿಸಿಲಲ್ಲಿ ಶಾಲೆಯ ತನಕ ನಡೆಯಬೇಡ. ಮಗಳು ಪೂಜಾಳ ಕೆಮ್ಮು ವಾಸಿಯಾಯಿತೆ?

ಯುಗಾದಿಯಿಂದ ನಿನ್ನ ಮೇಲ್ ಒಂದೂ ಇಲ್ಲವೆಂದು ಮುನಿಸಿಕೊಂಡಿದ್ದೆ. ನನ್ನ ಮೈದುನ ಗುರುಬಸವರಾಜ ಅಡಿಕೆ ಅಂಗಡಿಯ ಕಂಪ್ಯೂಟರಿನಲ್ಲಿ ಮೇಲ್ ಐಕಾನನ್ನು ಹೊಸದಾಗಿ ಜೋಡಿಸಿಕೊಟ್ಟದ್ದೂ ಆಗಲೇ. "ಅತ್ತಿಗೆ, ಒತ್ತಿದ ಕೂಡ್ಲೆ ರೇಟಿನ ಮೇಲ್ ಕಾಣಂಗೆ ಮಾಡೀನಿ. ಬ್ಯಾರೆ ಏನೂ ಒತ್ತಾಕೆ ಹೋಗಬ್ಯಾಡ್ರಿ" ಎಂದಿದ್ದ. ರೇಟು ತೋರಿಸುವವನು ಬೇರೆಯದನ್ನು ಏಕೆ ಬೇಡವೆನ್ನಬೇಕು? ಸೋಮವಾರ ಅವನು ದಾವಣಗೆರೆಗೆ ಹೋದಾಗ ಐಕಾನಿನ ಪ್ರಾಪರ್ಟೀಸ್ ತೆರೆದೆ. ಪ್ರೋಗ್ರಾಮಿನ ಹೆಸರಿನ ಮುಂದೆ ಒಂದು ಅಡ್ಡಗೆರೆ, ಪಿ ಅಕ್ಷರ, ಆಮೇಲೆ "ಅಂಗಡಿ" ಎಂದಿತ್ತು. ಶುರುವಾಗುವಾಗಲೇ ಯಾವ ಪ್ರೊಫೈಲ್, ಎಂದರೆ ಯಾರ ಮೇಲ್ ಪೆಟ್ಟಿಗೆ, ತೆರೆಯಬೇಕೆಂದು ಹೇಳುವ ಆಜ್ಞೆ ಅದು. ಅಂಗಡಿ ಎಂಬ ಹೆಸರನ್ನಷ್ಟೇ ಅಳಿಸಿ ಐಕಾನ್ ಒತ್ತಿದೆ. ಈ ಸಲ ಪ್ರೋಗ್ರಾಮೇ ಕೇಳಿತು: ಅಂಗಡಿಯೋ, ರುದ್ರಾಣಿಯೋ?

ನನ್ನ ಹೆಸರಿನೊಳಗೆ ನಿನ್ನ ಮೇಲ್‌ಗಳೆಲ್ಲ ಇದ್ದವು. ಆದರೆ ಓದದವು ದಪ್ಪಕ್ಷರದಲ್ಲಿರಬೇಕಲ್ಲವೆ? ಒಂದೂ ಹಾಗಿರಲಿಲ್ಲ. ಪೂಜಾಳಿಗೆ ಬಂದಿರುವ ಹೊನ್ನಾಳಿಯ ಹುಡುಗನ ಬಗ್ಗೆ ವಿಚಾರಿಸಿ ಹೇಳು ಎಂದು ನೀನು ಮತ್ತೆ ಮತ್ತೆ ಕೇಳಿದ್ದೆ. ಆ ಹುಡುಗ ಗುರುಬಸವರಾಜನ ಹೆಂಡತಿಯ ತಮ್ಮ.

ನಾನು ಅತಿಯಾಗಿ ಯೋಚಿಸುತ್ತಿದ್ದೇನೆಯೆ? ಅಂಗಡಿಯ ಮೇಲ್ ಬೇರೆ, ನನ್ನದು ಬೇರೆ ಇರಲಿ ಎಂದಷ್ಟೇ ಮಾಡಿರಬಹುದು. ಹಾಗಂದುಕೊಂಡೇ ನಿನ್ನೆ ಊಟದ ಹೊತ್ತಿಗೆ ಗುರುಬಸವರಾಜನೆದುರು, ಸಂಧ್ಯಾ ಬರೆಯುವುದನ್ನೇ ಬಿಟ್ಟಿದ್ದಾಳೆ ಎಂದೆ. ತಟ್ಟೆಯಿಂದ ತಲೆಯೆತ್ತದೆ, "ಟೀಚರಮ್ಮಗೆ ಪರೀಕ್ಷೆ ಪೇಪರ್ ತಿದ್ದಾಕೇ ಟೈಮ್ ಸಾಲಲ್ಲ ಬಿಡ್ರಿ" ಎಂದ. ಶಾಲೆ ಬಾಗಿಲು ತೆರೆದು ಹದಿನೈದು ದಿನವಾಗಿಲ್ಲ, ಯಾವ ಪರೀಕ್ಷೆ?

ನಿನ್ನ ಫೋನ್ ನಿಮ್ಮ ಯಜಮಾನರ ಕೈಯಲ್ಲೇ ಇರುತ್ತದೆ, ಅವರಿಗೆ ಈ ಸಂಬಂಧ ಆಗಲೇ ಹಿಡಿಸಿದೆ. ಮೇಲ್ ಮಾಡಲು ಧೈರ್ಯವಿಲ್ಲ. ಅದಕ್ಕೇ ಶಾಲೆಯ ವಿಳಾಸಕ್ಕೆ ಈ ಕಾಗದ. ಪೂಜಾಳ ತಲೆ ಸವರಿದೆನೆಂದು ಹೇಳು.

ನಿನ್ನ ಅಕ್ಕ,
ರುದ್ರಾಣಿ

ತಾ.ಕ.: ನನ್ನ ಹೆಸರಿನಲ್ಲಿ ನಿನಗೆ ಹೋಗಿರುವ ಉತ್ತರವೊಂದು ಆ ಮೇಲ್‌ಗಳ ನಡುವೆ ಇದೆ: "ಹುಡುಗ ಚಿನ್ನ, ನನ್ನ ಒಪ್ಪಿಗೆಯಿದೆ." ಅದನ್ನು ಬರೆದದ್ದು ನಾನಲ್ಲ. ಅದನ್ನು ನಂಬಿ ನೀನು ಈ ತಿಂಗಳ ಇಪ್ಪತ್ತೆರಡಕ್ಕೆ ಮದುವೆ ನಿಶ್ಚಯದ ವೀಳ್ಯ ಗೊತ್ತುಮಾಡಿದ್ದೀಯ ಎಂದು ನಿನ್ನ ಕೊನೆಯ ಮೇಲ್‌ನಿಂದ ತಿಳಿಯಿತು. ನಮ್ಮಲ್ಲಿ ದೊಡ್ಡಮ್ಮ ಹೂಂ ಅನ್ನದೆ ವೀಳ್ಯ ಹಿಡಿದದ್ದುಂಟೆ? ನಾನಿನ್ನೂ ಅಂದಿಲ್ಲ. ಹೊನ್ನಾಳಿಯಲ್ಲಿ ವಿಚಾರಿಸಿ, ಬಂದು ನಿನ್ನೆದುರು ಕೂತು ಹೇಳುವ ತನಕ ನಿಲ್ಲಿಸು. ಇದನ್ನು ಯಾರ ಕೈಗೂ ಕೊಡದೆ ನಾನೇ ಅಂಚೆಗೆ ಹಾಕುತ್ತೇನೆ: ನಾಳೆ, ಜೂನ್ ೧೩.